ಸೋಮವಾರದ ವಿಮಾನ

ಶಿವರಾಂಪೇಟೆಯಲ್ಲಿ ಟವಲು ಪಂಚೆಗಳ ಅಂಗಡಿ ಇಟ್ಟುಕೊಂಡಿದ್ದ ಸದಾಶಿವಯ್ಯನಿಗೆ ಶುದ್ಧ ಕನ್ನಡದ ಕಾಯಿಲೆ ಅಂಟಿಕೊಂಡದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಮೂರ್ನಾಲ್ಕು ವರ್ಷಗಳ ಮೇಲೆ. ಟೌನ್‌ಹಾಲಿನಲ್ಲಿ ಯಾರದೋ ಭಾಷಣ ಕೇಳಿಕೊಂಡು ಬಂದ, ಅಷ್ಟೇ. ಮಾರನೆಯ ದಿನದಿಂದ ಅವನ ಬಾಯಲ್ಲಿ ರೈಲು ಉಗಿಬಂಡಿಯಾಯಿತು, ಸೈಕಲ್ಲು ದ್ವಿಚಕ್ರಿಯಾಯಿತು, ಪೋಸ್ಟಾಫೀಸು ಅಂಚೆಮನೆಯಾಯಿತು. ಗಿರಾಕಿ ಬಂದು ಟವಲು ಕೊಡಿ ಅಂದರೆ, “ಹೆಗಲ ಮೇಲೆ ಹಾಕುವ ವಸ್ತ್ರವೋ, ಮೈ ಒರೆಸುವ ವಸ್ತ್ರವೋ?” ಎಂದು ವಿಚಾರಿಸುವನು. ಗಿರಾಕಿ ಪಕ್ಕದ ಅಂಗಡಿಗೆ ಹೋಗುವನು. ಇದರಿಂದ ವ್ಯಾಪಾರಕ್ಕೆ ಪೆಟ್ಟು ಬಿತ್ತೇ ಹೊರತು ಯಾರ ಪ್ರಾಣಕ್ಕೂ ಅಪಾಯವಾಗಿರಲಿಲ್ಲ. ಒಂದು ಶಬ್ದದಿಂದ ಮನುಷ್ಯರಿಗೆ ಸಾವು ಬರಬಹುದು ಎಂದು ಆಗ ಯಾರಾದರೂ ಹೇಳಿದ್ದರೆ ಬೀದಿಯವರೆಲ್ಲ ನಕ್ಕುಬಿಡುತ್ತಿದ್ದರು.

ಆ ಬೇಸಗೆಯಲ್ಲಿ ಸದಾಶಿವಯ್ಯನ ಹೆಂಡತಿ ಸರ್ವಮಂಗಳಾಳ ತಮ್ಮ ಗುರುಮಲ್ಲಪ್ಪ ಬೊಂಬಾಯಿಯಿಂದ ಬಂದ. ಅಲ್ಲಿ ಒಬ್ಬ ಗಿರಣಿ ಸೇಠರ ಕಚೇರಿಯಲ್ಲಿ ಅವನಿಗೆ ಕೆಲಸ. ಸೇಠರು ಸೆಕೆಗಾಲ ಕಳೆಯಲು ಊಟಿಗೆ ಬರುವವರಿದ್ದರು. ಬಂಗಲೆ ಗುಡಿಸಿ ಸಾರಿಸಿ ಇಡಲು ಇವನನ್ನು ಮುಂಚಿತವಾಗಿ ಅಟ್ಟಿದ್ದರು. ಅಕ್ಕನ ಮನೆಯಲ್ಲಿ ಹೋಳಿಗೆ ಉಂಡು, ಊಟಿ ಬಸ್ಸಿಗೆ ಹೊರಡುವ ಮುಂಚೆ ಗುರುಮಲ್ಲಪ್ಪ ಭಾವನಿಗೆ ಒಂದು ಸಣ್ಣ ಕೆಲಸ ಹೇಳಿದ.

“ಭಾವ, ಸೇಠರ ಕಾರು ಸೋಮವಾರ ಏರೋಪ್ಲೇನಲ್ಲಿ ಮಂಡಕಳ್ಳಿ ಬಯಲಿಗೆ ಬಂದಿಳಿಯುತ್ತೆ. ಊಟಿಯಿಂದ ಡ್ರೈವರು ಬರೋದು ಸಾಯಂಕಾಲ ಆಗುತ್ತೆ. ಅಲ್ಲಿವರೆಗೂ ನೀವು ಅದರ ಪಕ್ಕದಲ್ಲಿ ನಿಂತಿರಬೇಕು. ದನ ಗಿನ ಬಂದು ಮೈ ಉಜ್ಜಿಬಿಟ್ಟಾವು. ನಿಮ್ಮ ಹೆಸರು ಹೇಳಿದ್ದೀನಿ, ಅಷ್ಟೇ.”

ಆ ‘ಅಷ್ಟೇ’ ಎಂಬುದು ಸದಾಶಿವಯ್ಯನ ಕಿವಿಗೆ ಬೀಳಲಿಲ್ಲ. ಕಾರು ಎಂಬುದು ಬಿತ್ತು, ಏರೋಪ್ಲೇನು ಎಂಬುದು ಬಿತ್ತು, ತನ್ನ ಹೆಸರು ಬಿತ್ತು. ಸಂಜೆ ಹೊತ್ತಿಗೆ ಜಗಲಿಯ ಮೇಲೆ ನಿಂತು, “ಸೋಮವಾರ ನಮ್ಮ ಕಾರು ವಿಮಾನದಲ್ಲಿ ಆಗಮಿಸುತ್ತಿದೆ” ಎಂದು ಎದುರುಮನೆಗೆ ಕೇಳುವ ಹಾಗೆ ಸಾರಿದ. ಈ ಒಂದು ಮಾತಿನಲ್ಲಿ ‘ನಮ್ಮ’ ಎಂಬುದು ಸುಳ್ಳು, ‘ವಿಮಾನ’ ಎಂಬುದು ಶುದ್ಧ ಕನ್ನಡ. ಎರಡರಲ್ಲಿ ಒಂದನ್ನು ಬಿಟ್ಟಿದ್ದರೂ ಅನಾಹುತ ತಪ್ಪುತ್ತಿತ್ತು. ಕಾರಿಗೂ ಕಾರಿಗೆ ಸಂಬಂಧಪಟ್ಟದ್ದಕ್ಕೂ ಮಾತ್ರ ಅವನು ಶುದ್ಧ ಶಬ್ದ ಹುಡುಕಲಿಲ್ಲ. ಹುಡುಕಿದ್ದರೆ ಬರುವುದು ಏನೆಂದೇ ಬೀದಿಯವರಿಗೆ ತಿಳಿಯುತ್ತಿರಲಿಲ್ಲ, ಹೊಟ್ಟೆ ಉರಿಯುತ್ತಲೂ ಇರಲಿಲ್ಲ.

ಎದುರುಮನೆಯ ಚೆಲುವರಾಜು ಮುನಿಸಿಪಾಲಿಟಿಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರು. ಆಫೀಸಿನಿಂದ ಬಂದು ಕೋಟು ಬಿಚ್ಚಿ ಪಂಚೆ ಉಟ್ಟು ನಿಂತಿದ್ದವನು ರಸ್ತೆ ದಾಟಿ ಬಂದ.

“ಕಾರಿಗೆ ಚಕ್ರ ಇರ್ತಾವಲ್ಲ ಸದಾಶಿವಯ್ನೋರೇ, ಓಡ್ಕೊಂಡು ಬರೋಕೆ ಏನಂತೆ ಅದಕ್ಕೆ?”

“ಟೈರು ಸವೆಯಬಾರದು ಅಂತ.”

“ಟೈರು ಇರೋದೇ ಸವೆಯೋಕೆ ಅಲ್ವಾ?”

“ಸಾಮಾನ್ಯ ಕಾರಿನದು ಸವೆಯುತ್ತೆ. ಇದು ಅಂಥಾದ್ದಲ್ಲ.”

“ಹೋಗ್ಲಿ, ಹೆಂಗೆ ತರ್ತದೆ? ಹದ್ದು ಕೋಳಿಮರಿ ತಂದಂಗೆ ಕಾಲಲ್ಲಿ ಹಿಡ್ಕೊಂಡು ಬರ್ತದಾ?”

“ಛೆ, ಛೆ. ವಿಮಾನದ ಮೂತಿ ಎರಡು ಕದದ ಹಾಗೆ ತೆರೆಯುತ್ತೆ. ಕಾರು ಒಳಗೆ ಹೋಗಿ ನಿಲ್ಲುತ್ತೆ. ಮೂತಿ ಮುಚ್ಚಿಕೊಳ್ಳುತ್ತೆ.”

“ಅಂದ್ರೆ ನುಂಗ್ತದೆ ಅನ್ನಿ.”

“ನುಂಗಿಕೊಂಡು ಬಂದು ಇಲ್ಲಿ ಉಗುಳುತ್ತೆ. ಇದರಲ್ಲಿ ನಗೋದೇನಿದೆ?”

ಚೆಲುವರಾಜು ನಗು ತಡೆದುಕೊಂಡು ಮನೆಗೆ ಹೋದ. ಆದರೆ ರಾತ್ರಿ ಊಟಕ್ಕೆ ಕೂತಾಗ ಅವನಿಗೆ ಸಾರು ರುಚಿಸಲಿಲ್ಲ. ಮಾರನೆಯ ಬೆಳಗಾಗುವಷ್ಟರಲ್ಲಿ ಶಿವರಾಂಪೇಟೆಯಲ್ಲಿ ನಲ್ಲಿಯ ಹತ್ತಿರ, ಹಾಲಿನವನ ಹತ್ತಿರ, ಎಲ್ಲೆಲ್ಲೂ ಒಂದೇ ಪ್ರಶ್ನೆ: ವಿಮಾನ ಯಾವಾಗ ಬರುತ್ತಂತೆ? ಏರೋಪ್ಲೇನು ಎಂದೇ ಹುಟ್ಟಾ ಅಂದುಕೊಂಡು ಬಂದವರೂ ಸದಾಶಿವಯ್ಯನನ್ನು ಅಣಕಿಸಲೆಂದು ಬೇಕುಬೇಕೆಂದೇ ವಿಮಾನ, ವಿಮಾನ ಅನ್ನತೊಡಗಿದರು.

ಇದನ್ನೆಲ್ಲ ಜಗಲಿಯ ಮೂಲೆಯಲ್ಲಿ ಕೂತು ಕೇಳುತ್ತಿದ್ದವಳು ಸದಾಶಿವಯ್ಯನ ತಾಯಿ ಪುಟ್ಟಬಸಮ್ಮ. ವಯಸ್ಸು ಎಂಬತ್ತರ ಹತ್ತಿರ. ಕಿವಿ ಮಂದ, ಹಸಿವು ಮಾತ್ರ ಮಂದವಲ್ಲ. ಬೆಳಗ್ಗೆ ಎರಡು ರಾಗಿರೊಟ್ಟಿಯನ್ನು ಹುಚ್ಚೆಳ್ಳು ಚಟ್ನಿಯಲ್ಲಿ ಅದ್ದಿ ತಿಂದು, ಮಧ್ಯಾಹ್ನ ಯಾವಾಗ ಆದೀತು ಎಂದು ಬಿಸಿಲನ್ನು ನೋಡುತ್ತಾ ಕೂರುವ ಗಟ್ಟಿ ಜೀವ. ಆ ಮನೆತನದವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನಲ್ಲಿ ಗೋಪುರದ ಹಾಗೆ ಕಟ್ಟಿ, ಬಾಳೆಕಂಬ ನಿಲ್ಲಿಸಿ, ಹೂವು ಸುತ್ತಿ, ಬದುಕಿದ್ದಾಗ ಕೂತಂತೆಯೇ ಅದರೊಳಗೆ ಕೂರಿಸಿ, ಹೊತ್ತುಕೊಂಡು ಮೆರವಣಿಗೆಯಲ್ಲಿ ಹೋಗುತ್ತಾರೆ. ಅದಕ್ಕೆ ಅವರು ವಿಮಾನ ಅನ್ನುತ್ತಾರೆ. ಪುಟ್ಟಬಸಮ್ಮನ ಪಾಲಿಗೆ ವಿಮಾನ ಎಂದರೆ ಅದೊಂದೇ. ಗಂಡನನ್ನು ಅದರಲ್ಲೇ ಕಳಿಸಿಕೊಟ್ಟಿದ್ದಳು. ಆಕಾಶದಲ್ಲಿ ಹೋಗುವುದು ಬೇರೆ, ಅದು ಏರೋಪಿಲೇನು.

ಬೀದಿಯವರೆಲ್ಲ ಮಗನನ್ನು ನಿಲ್ಲಿಸಿ ವಿಮಾನ ಯಾವಾಗ ಎಂದು ಕೇಳುವುದು ಅವಳ ಮಂದ ಕಿವಿಗೂ ಬಿತ್ತು. ಮನೆಯಲ್ಲಿ ವಿಮಾನ ಏರುವ ವಯಸ್ಸಿನವರು ತನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಂಗಡಿಗೆ ಹೊರಟ ಮಗನನ್ನು ಕರೆದು ಕೇಳಿದಳು.

“ಸದಾಶಿವ, ವಿಮಾನ ಬರ್ತದೆ ಅಂತಾವ್ರಲ್ಲ, ಯಾವತ್ತು?”

“ಸೋಮವಾರ ಅವ್ವ.”

“ಎಲ್ಲಾ ಗೊತ್ತುಮಾಡ್ಬುಟ್ಟಿದ್ದೀಯಾ?”

“ಎಲ್ಲಾ ಗೊತ್ತಾಗಿದೆ. ಗುರುಮಲ್ಲಪ್ಪನೇ ಮುಂದೆ ನಿಂತು ಏರ್ಪಾಡು ಮಾಡಿದ್ದಾನೆ.”

ಮೊನ್ನೆ ತಾನೇ ಹೋಳಿಗೆ ತಿಂದು, ಚೆನ್ನಾಗಿದ್ದೀರಾ ಎಂದು ಕಾಲಿಗೆ ಬಿದ್ದು ಹೋದ ಹುಡುಗ ಬಂದದ್ದು ಈ ಕೆಲಸಕ್ಕೆ ಎಂದು ಪುಟ್ಟಬಸಮ್ಮನಿಗೆ ಆಗ ತಿಳಿಯಿತು.

“ನನಗೇನಾ ಮಗಾ?”

“ಇನ್ಯಾರಿಗೆ ಮತ್ತೆ? ಮೊದಲು ನಿನ್ನನ್ನೇ ಕೂರಿಸೋದು. ಹೂವಿನ ಹಾರ ಹಾಕಿ, ಊರೆಲ್ಲ ಒಂದು ಸುತ್ತು ಮೆರವಣಿಗೆ.”

“ಕೂತ್ರೆ ಬೆನ್ನು ನಿಲ್ಲಬೇಕಲ್ಲಪ್ಪ.”

“ಅದರ ಯೋಚನೆ ನಿನಗೆ ಬೇಡ. ಹಿಂದಕ್ಕೆ ಒರಗೋಕೆ ಮೆತ್ತೆ ಇರುತ್ತೆ.”

“ಎಷ್ಟು ಜನ ಬೇಕಾಯ್ತದೆ?”

“ನಾಲ್ಕು ಜನಕ್ಕೆ ಸರಿಯಾಗಿದೆ. ಅದರ ಮೇಲೆ ಆದರೆ ಇಕ್ಕಟ್ಟು.”

“ನೀನೂ ಇರ್ತೀಯಲ್ಲ?”

“ನಾನೇ ಮುಂದೆ ಇರೋದು ಅವ್ವ,” ಎಂದು ಸದಾಶಿವಯ್ಯ ಎದೆ ಉಬ್ಬಿಸಿ ಹೇಳಿ ಅಂಗಡಿಗೆ ಹೋದ. ತಾಯಿಗೆ ಕಾರಿನ ವಿಷಯದಲ್ಲಿ ಇಷ್ಟು ಆಸಕ್ತಿ ಇರುವುದು ಕಂಡು ಅವನಿಗೆ ದಾರಿಯುದ್ದಕ್ಕೂ ಸಂತೋಷ.

ಪುಟ್ಟಬಸಮ್ಮನಿಗೆ ಸಂಕಟವಾಯಿತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಸಾವು ಬರುವುದು ಅವಳಿಗೂ ಗೊತ್ತಿತ್ತು. ಆದರೆ ರೊಟ್ಟಿ ತಿಂದು ಕೂತವಳ ಎದುರಿಗೆ ಹೀಗೆ ದಿನ ಗೊತ್ತುಮಾಡಿ ಹೇಳುವುದೇ? ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಯೋಚನೆ ಮಾಡಿದಳು. ಮಗ ಕೆಟ್ಟವನಲ್ಲ. ಅಂಗಡಿ ನಡೆಯುತ್ತಿಲ್ಲ, ಮನೆ ಚಿಕ್ಕದು, ತಾನೊಬ್ಬಳು ಬದುಕಿ ಕೂತಿದ್ದೇನೆ. ಸೋಮವಾರ ಶಿವನ ವಾರ, ಅದನ್ನೇ ನೋಡಿ ಇಟ್ಟಿದ್ದಾನೆ. ಹೂವು ಮೆತ್ತೆ ಎಲ್ಲ ಆಲೋಚಿಸಿದ್ದಾನೆ. ಹಾಗಿರುವಾಗ ವಿಮಾನ ಬಂದು ಬಾಗಿಲಲ್ಲಿ ನಿಂತಾಗ ತಾನಿನ್ನೂ ರೊಟ್ಟಿ ಮುರಿಯುತ್ತಾ ಕೂತಿದ್ದರೆ ನಾಲ್ಕು ಜನದ ಎದುರು ಅವನ ಮರ್ಯಾದೆ ಏನಾಗಬೇಕು? ಅವತ್ತು ಮಧ್ಯಾಹ್ನದಿಂದ ಲಿಂಗಪೂಜೆಯ ತೀರ್ಥ ಬಿಟ್ಟು ಬೇರೇನನ್ನೂ ಅವಳು ಬಾಯಿಗೆ ಹಾಕಲಿಲ್ಲ. ತಟ್ಟೆಯಲ್ಲಿ ಬಡಿಸಿದ್ದನ್ನು ಯಾರೂ ನೋಡದಾಗ ಹಿತ್ತಲ ಬಾಗಿಲಿಗೆ ಬರುವ ಹಸುವಿಗೆ ಹಾಕಿಬಿಡುವಳು.

ಸರ್ವಮಂಗಳಾ ಇದನ್ನು ಗಮನಿಸಬೇಕಿತ್ತು. ಆದರೆ ಕಾರು ನೋಡಲು ಬರುವವರಿಗೆ ಚಕ್ಕುಲಿ ಕೋಡುಬಳೆ ಮಾಡುವುದರಲ್ಲಿ ಅವಳಿಗೆ ಉಸಿರಾಡಲು ಬಿಡುವಿರಲಿಲ್ಲ. ಎಣ್ಣೆ ಬಾಣಲಿಯ ಮುಂದೆ ಕೂತಿದ್ದ ಸೊಸೆಯ ಹತ್ತಿರ ಪುಟ್ಟಬಸಮ್ಮ ಬಂದು, ಕೊರಳಿನಿಂದ ಚಿನ್ನದ ಕಟ್ಟಾಣಿ ಬಿಚ್ಚಿ ಕೊಟ್ಟಳು.

“ತಗೊ ಕಣಮ್ಮ. ಇನ್ನು ನಂಗ್ಯಾಕೆ.”

“ಅಯ್ಯೋ ಅತ್ತೆ, ಸೋಮವಾರಕ್ಕೆ ಸರಿಯಾಗಿ ಕೊಟ್ರಿ. ಬರೀ ಕೊರಳಲ್ಲಿ ಹೆಂಗೆ ಹೋಗೋದು ಅಂತಿದ್ದೆ,” ಎಂದು ಸರ್ವಮಂಗಳಾ ಅದನ್ನು ಆಗಲೇ ಹಾಕಿಕೊಂಡು ಕನ್ನಡಿ ನೋಡಲು ಎದ್ದಳು.

ಸೊಸೆಗೆ ಇಷ್ಟು ಸಂತೋಷವಾದೀತು ಎಂದು ಪುಟ್ಟಬಸಮ್ಮ ಎಣಿಸಿರಲಿಲ್ಲ. ಗೋಡೆ ಹಿಡಿದುಕೊಂಡು ಜಗಲಿಗೆ ಹೋದಳು. ಬೀದಿಯ ಕೊನೆಯಲ್ಲಿದ್ದ ಜಟಕಾ ಕೆಂಪಯ್ಯ ಇಲವಾಲದ ಕಡೆ ಬಾಡಿಗೆಗೆ ಹೊರಟಿದ್ದ. ಅವನನ್ನು ಕೂಗಿ, “ಅಲ್ಲಿ ನನ್ ಮಗಳು ಶಿವನಂಜಿಗೆ ಹೇಳ್ಬುಡಪ್ಪ. ಸೋಮವಾರ ನನ್ ವಿಮಾನ ಅಂತೆ, ಬಂದು ಮುಖ ನೋಡ್ಕೊಂಡು ಹೋಗು ಅಂತ,” ಎಂದು ಹೇಳಿಕಳಿಸಿದಳು. ಸ್ಮಶಾನದ ಗುಂಡಿ ತೋಡುವವನಿಗೂ ಯಾರ ಕೈಯಲ್ಲೋ ಹೇಳಿಕಳಿಸಿದಳು. ಮಗ ಎಲ್ಲವನ್ನೂ ಮಾಡಿದರೂ ಇಂಥ ಮುಖ್ಯವಾದದ್ದನ್ನು ಮರೆತಿರುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

ಶನಿವಾರ ಶಿವನಂಜಮ್ಮ ಬಂದಳು. ಬೀದಿಯ ತುದಿಯಿಂದಲೇ ಅಳುತ್ತಾ ಬಂದಳು. ಜಗಲಿಗೆ ಸುಣ್ಣ ಬಳಿಸುತ್ತಾ ನಿಂತಿದ್ದ ಸದಾಶಿವಯ್ಯ ಓಡಿಹೋಗಿ ಅವಳ ಕೈಚೀಲ ತೆಗೆದುಕೊಂಡ.

“ಅಕ್ಕ, ಬಂದೆಯಾ? ಒಳ್ಳೆಯದಾಯಿತು. ಸೋಮವಾರ ನೀನಿಲ್ಲದಿದ್ದರೆ ನನಗೆ ಮನಸ್ಸಿಗೆ ಸಮಾಧಾನ ಇರುತ್ತಿರಲಿಲ್ಲ.”

“ಬರ್ದೆ ಇರೋಕಾಯ್ತದಾ ಸದಾಶಿವ? ಅವ್ವ ಎಂಗವ್ಳೆ?”

“ಅವಳಿಗೇನು, ನನಗಿಂತ ಜೋರಾಗಿ ತಯಾರಾಗಿದ್ದಾಳೆ.”

ಶಿವನಂಜಮ್ಮ ಸುಣ್ಣ ಬಳಿದ ಗೋಡೆ ನೋಡಿದಳು, ಬಾಗಿಲಿಗೆ ಕಟ್ಟಿದ ಮಾವಿನ ತೋರಣ ನೋಡಿದಳು, ಒಳಗಿನಿಂದ ಬರುತ್ತಿದ್ದ ಚಕ್ಕುಲಿಯ ವಾಸನೆ ನೋಡಿದಳು.

“ನಿಂಗೆ ಒಂಚೂರೂ ದುಃಖ ಇಲ್ವೇನೋ?”

“ದುಃಖ ಯಾಕೆ ಅಕ್ಕ? ನಮ್ಮ ವಂಶದಲ್ಲಿ ಇಂಥಾದ್ದನ್ನ ಯಾರಾದರೂ ಕಂಡಿದ್ದರಾ? ಅಪ್ಪ ಇದ್ದಾಗಲೇ ಆಗಬೇಕಿತ್ತು.”

“ಅಪ್ಪ ಇದ್ದಾಗಲೇ ಆಗ್ಬೇಕಿತ್ತಾ?”

“ಹೌದು. ಇಬ್ಬರೂ ಒಟ್ಟಿಗೆ ಜೋಡಿಯಾಗಿ ಕೂತು ಹೋಗಿಬಿಡೋರು. ನೋಡೋಕೆ ಎಷ್ಟು ಚೆನ್ನಾಗಿರೋದು.”

ತಮ್ಮನಿಗೆ ಬುದ್ಧಿ ಕಡಿಮೆ ಎಂದು ಶಿವನಂಜಮ್ಮನಿಗೆ ಚಿಕ್ಕಂದಿನಿಂದ ಗೊತ್ತಿತ್ತು. ಇಷ್ಟು ಪಾಪಿ ಎಂದು ಗೊತ್ತಿರಲಿಲ್ಲ. ಅವನ ಜೊತೆ ಮತ್ತೆ ಮಾತಾಡದೆ ಒಳಗೆ ಹೋಗಿ ತಾಯಿಯ ಪಕ್ಕ ಕೂತು ಅಳತೊಡಗಿದಳು. ಅಕ್ಕನಿಗೆ ಹೊಟ್ಟೆಕಿಚ್ಚು ಎಂದು ಸದಾಶಿವಯ್ಯ ತೀರ್ಮಾನಿಸಿದ.

ಭಾನುವಾರ ಬೆಳಗ್ಗೆ ಚೆಲುವರಾಜು ರಸ್ತೆ ದಾಟಿ ಬಂದ. ರಜಾ ದಿನವಾದರೂ ಕೋಟು ಹಾಕಿದ್ದ.

“ಸದಾಶಿವಯ್ನೋರೇ, ಈಗ ನಾನು ಎದುರುಮನೆಯೋನಾಗಿ ಬಂದಿಲ್ಲ. ಮುನಿಸಿಪಾಲಿಟಿ ಕಡೆಯಿಂದ ಬಂದಿದ್ದೀನಿ. ನಿಮ್ಮ ಮನೆಯಿಂದ ಗುಂಡಿ ತೋಡೋಕೆ ಹೇಳಿಕಳಿಸಿದ್ದಾರೆ. ನಿಜ ತಾನೆ?”

ಸದಾಶಿವಯ್ಯನಿಗೆ ಗುಂಡಿಯ ವಿಷಯ ಏನೂ ಗೊತ್ತಿರಲಿಲ್ಲ. ಆದರೆ ಕಾರು ರಿಪೇರಿ ಮಾಡುವ ಕಡೆ ನೆಲದಲ್ಲಿ ಗುಂಡಿ ಇರುವುದನ್ನು ನೋಡಿದ್ದ. ಕಾರಿಗೆ ಸಂಬಂಧಪಟ್ಟ ಯಾವುದನ್ನೂ ಗೊತ್ತಿಲ್ಲ ಎನ್ನಲು ಅವನಿಗೆ ಆಗ ಬಾಯಿ ಬರುತ್ತಿರಲಿಲ್ಲ.

“ಬೇಕಾಗುತ್ತೆ ಸ್ವಾಮಿ. ಆಗಾಗ ಕೆಳಗೆ ಇಳಿದು ನೋಡಬೇಕಲ್ಲ.”

“ಯಾರು ಇಳಿದು ನೋಡೋದು?”

“ಮೊದಮೊದಲು ನಾನೇ ಇಳೀತೀನಿ. ಅಭ್ಯಾಸ ಆದಮೇಲೆ ಒಬ್ಬ ಆಳು ಇಡೋಣ.”

ಚೆಲುವರಾಜು ಅವನ ಮುಖವನ್ನೇ ನೋಡಿದ. “ಉಸಿರಾಡ್ತಾ ಇರೋರಿಗೆ ಗುಂಡಿ ತೋಡೋಕೆ ಕಾನೂನು ಇಲ್ಲ ಕಣ್ರೀ.”

“ಅದರಲ್ಲಿ ಉಸಿರೆಲ್ಲಿಂದ ಬಂತು? ಪೆಟ್ರೋಲು ಇರುತ್ತೆ.”

“ನಾನು ನಿಮ್ಮ ತಾಯಿ ವಿಷಯ ಮಾತಾಡ್ತಾ ಇದ್ದೀನಿ,” ಎಂದ ಚೆಲುವರಾಜು. ಈಗ ಅವನ ದನಿ ಎದುರುಮನೆಯವನದಾಗಿತ್ತು. “ಸೋಮವಾರ ಮಗ ವಿಮಾನ ತರಿಸ್ತಾ ಅವ್ನೆ, ನನಗೆ ಗುಂಡಿ ತೆಗೆದಿಡು ಅಂತ ಅಜ್ಜ್ಯಮ್ಮ ಹೇಳಿಕಳಿಸಿದಾರೆ. ತೋಡೋನು ಹೆದರಿ ನನ್ ಹತ್ರ ಬಂದ. ಬಡಿಸಿದ್ದನ್ನೆಲ್ಲ ಹಿತ್ತಲಲ್ಲಿ ಹಸುವಿಗೆ ಹಾಕ್ತಾರಂತೆ, ಹಾಲಿನವನು ಕಂಡಿದ್ದಾನೆ. ಅವರು ಊಟ ಮಾಡಿ ಎಷ್ಟು ದಿವಸ ಆಯ್ತು ಅಂತ ಮನೇಲಿ ಯಾರಾದ್ರೂ ನೋಡಿದ್ದೀರಾ?”

ಸೋಮವಾರ, ಮೆರವಣಿಗೆ, ಹೂವಿನ ಹಾರ, ಮೆತ್ತೆ, ತಾನು ಜಗಲಿಯಲ್ಲಿ ನಿಂತು ಆಡಿದ ಮಾತೆಲ್ಲ ಒಂದೊಂದಾಗಿ ತಿರುಗಿ ಬಂದು ಸದಾಶಿವಯ್ಯನ ಮುಖಕ್ಕೇ ಬಡಿದವು. “ಅಯ್ಯೋ ಶಿವನೇ” ಎಂದವನು ಒಳಕ್ಕೆ ಓಡಿದ. ಆ ಮಾತು ಶುದ್ಧವೋ ಅಶುದ್ಧವೋ ಎಂದು ಅವನಿಗೆ ಆಗ ತೋಚಲಿಲ್ಲ.

ಪುಟ್ಟಬಸಮ್ಮ ಗೋಡೆಗೆ ಒರಗಿ ಕೂತಿದ್ದಳು. ಹಣೆಯಲ್ಲಿ ವಿಭೂತಿ ದಟ್ಟವಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ಚೆಲುವರಾಜು ಕರೆಸಿದ ಡಾಕ್ಟರು ನಾಡಿ ಹಿಡಿದು ನೋಡಿ, “ಕಾಯಿಲೆ ಏನೂ ಇಲ್ಲ. ಹೊಟ್ಟೆಗೆ ಏನಾದರೂ ಹೋಗಲೇಬೇಕು. ಈ ವಯಸ್ಸಿಗೆ ಇನ್ನು ತಡ ಮಾಡಿದರೆ ಉಳಿಯೋದು ಕಷ್ಟ,” ಎಂದು ಹೇಳಿ ಹೋದರು. ಸರ್ವಮಂಗಳಾ ಅಳುತ್ತಾ ಗಂಜಿ ತಂದಳು. ಮುದುಕಿ ಬಾಯಿ ಬಿಗಿದುಕೊಂಡಳು. ಸದಾಶಿವಯ್ಯ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ.

“ಅವ್ವ, ಆ ವಿಮಾನ ಅಲ್ಲ ಕಣವ್ವ. ಆಕಾಶದಲ್ಲಿ ಹೋಗೋದು.”

“ಅದು ಏರೋಪಿಲೇನು ಅಲ್ವಾ?”

“ಅದನ್ನೇ ವಿಮಾನ ಅಂತಾರೆ.”

“ಯಾರಂತಾರೆ?”

“ಪುಸ್ತಕದಲ್ಲಿ ಅಂತಾರೆ ಅವ್ವ. ಅದರೊಳಗೆ ಕಾರು ಇಟ್ಟುಕೊಂಡು ಬರ್ತಾರೆ.”

“ಯಾರ ಕಾರು?”

ಇಲ್ಲಿ ಸದಾಶಿವಯ್ಯ ‘ಸೇಠರ ಕಾರು, ನಾನು ಬರೀ ಕಾಯೋನು’ ಎಂದು ಒಂದು ಮಾತು ಹೇಳಿದ್ದರೆ ಪುಟ್ಟಬಸಮ್ಮ ನಂಬುತ್ತಿದ್ದಳು, ಗಂಜಿ ಕುಡಿಯುತ್ತಿದ್ದಳು, ನಾನೂ ಈ ಕಥೆಯನ್ನು ಇಲ್ಲೇ ಮುಗಿಸುತ್ತಿದ್ದೆ. ಹೇಳಲೆಂದು ಅವನು ಬಾಯಿ ತೆರೆದದ್ದೂ ನಿಜ. ಆದರೆ ಬಾಗಿಲಲ್ಲಿ ಚೆಲುವರಾಜು ನಿಂತಿದ್ದ, ಕಿಟಕಿಯಲ್ಲಿ ಬೀದಿಯ ಹೆಂಗಸರು ಇಣುಕುತ್ತಿದ್ದರು.

“ನಮ್ಮದೇ,” ಎಂದ.

ಪುಟ್ಟಬಸಮ್ಮ ಮಗನ ತಲೆ ಸವರಿದಳು. “ಟವಲು ಮಾರೋನಿಗೆ ಕಾರು ಯಾರು ಕೊಟ್ಟಾರು ಮಗಾ? ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳ್ಬೇಡ. ನಂಗೇನೂ ಕೋಪ ಇಲ್ಲ, ಬುಡು.”

ಶಿವನಂಜಮ್ಮ ಕಣ್ಣೊರೆಸಿಕೊಂಡು ಮುಂದೆ ಬಂದಳು. “ಅವ್ವ, ಏರೋಪಿಲೇನಿಂದ ಕಾರು ಈಚೆ ಬರೋದ ನೀನು ಕಣ್ಣಾರೆ ಕಂಡ್ರೆ ಉಣ್ತೀಯಾ?”

“ಕಂಡ್ರೆ ಉಣ್ತೀನಿ,” ಅಂದಳು ಪುಟ್ಟಬಸಮ್ಮ. ಹಾಗೆ ಹೇಳುವಾಗ ಅವಳ ಕಣ್ಣು ಗಂಜಿಯ ಬಟ್ಟಲ ಕಡೆಗೆ ಹೋದದ್ದನ್ನು ಎಲ್ಲರೂ ನೋಡಿದರು. ಹೊಟ್ಟೆಗೆ ಸಾಯುವ ಮನಸ್ಸು ಇರಲಿಲ್ಲ, ಪಾಪ.

ಸೋಮವಾರ ಬೆಳಗ್ಗೆ ಕೆಂಪಯ್ಯನ ಜಟಕಾದಲ್ಲಿ ದಿಂಬುಗಳನ್ನು ಒತ್ತಿಟ್ಟು ಪುಟ್ಟಬಸಮ್ಮನನ್ನು ಕೂರಿಸಿದರು. ಸರ್ವಮಂಗಳಾ ಗಂಜಿಯ ಪಾತ್ರೆ ಹಿಡಿದು ಪಕ್ಕದಲ್ಲಿ ಕೂತಳು. ಅವ್ವ ಬಂದ ಕೂಡಲೇ ಉಣ್ಣಲೆಂದು ರೊಟ್ಟಿ ತಟ್ಟಿಡಲು ಶಿವನಂಜಮ್ಮ ಮನೆಯಲ್ಲೇ ಉಳಿದಳು. ಹಿಂದೆ ಇನ್ನೊಂದು ಜಟಕಾ, ಅದರ ಹಿಂದೆ ಸೈಕಲ್ಲುಗಳು, ಒಟ್ಟಿನಲ್ಲಿ ಶಿವರಾಂಪೇಟೆಯ ಅರ್ಧ ಜನ ನಂಜನಗೂಡು ರಸ್ತೆಯಲ್ಲಿ ಮಂಡಕಳ್ಳಿಗೆ ಹೊರಟರು. ಸುಳ್ಳು ಬಯಲಾಗುವುದನ್ನು ನೋಡಲು ಹೊರಟವರು ಕೆಲವರು, ಮುದುಕಿ ಬದುಕಲಿ ಎಂದು ಹೊರಟವರು ಕೆಲವರು. ಕೋಟು ಹಾಕಿಕೊಂಡು ಬಂದ ಚೆಲುವರಾಜು ಎರಡಕ್ಕೂ ಹೊರಟಿದ್ದ.

ಬಯಲಿನ ಅಂಚಿನಲ್ಲಿ ಒಂದು ಜಾಲಿಮರದ ನೆರಳಿಗೆ ಕೆಂಪಯ್ಯ ಗಾಡಿ ನಿಲ್ಲಿಸಿದ. ಏರೋಪ್ಲೇನು ಬಂತು. ಹೇಳಿದ ಹೊತ್ತಿಗೇ ಬಂತು. ಮೋಡದಿಂದ ಇಳಿದು, ಧೂಳೆಬ್ಬಿಸಿ, ಜನರ ಎದೆ ನಡುಗಿಸಿ, ಬಂದು ನಿಂತಿತು. ದೊಡ್ಡ ಹೊಟ್ಟೆ, ಬೆಳ್ಳಿಯ ಬಣ್ಣ. ಸದಾಶಿವಯ್ಯ ಹೇಳಿದ್ದ ಹಾಗೆಯೇ ಅದರ ಮೂತಿ ಎರಡು ಕದವಾಗಿ ತೆರೆಯಿತು. ಜನ ಓಹೋ ಎಂದರು. ಸದಾಶಿವಯ್ಯ ತಾಯಿಗೆ, “ನೋಡುತ್ತಾ ಇರು ಅವ್ವ, ಈಗ ಬಂದೆ,” ಎಂದು ಹೇಳಿ ಓಡಿದ. ಹಗ್ಗ ಕಟ್ಟಿದ ಕಡೆವರೆಗೂ ಉಳಿದವರು ಅವನ ಹಿಂದೆ ಓಡಿದರು. ಗಂಜಿಯ ಪಾತ್ರೆ ಹಿಡಿದ ಸರ್ವಮಂಗಳಾ ಮತ್ತು ಕೆಂಪಯ್ಯ ಮಾತ್ರ ಗಾಡಿಯ ಹತ್ತಿರ ಉಳಿದರು.

ಏರೋಪ್ಲೇನಿನ ಮುಂದೆ ಒಬ್ಬ ಅಧಿಕಾರಿ ಕಾಗದ ಹಿಡಿದು ನಿಂತಿದ್ದ.

“ಸೇಠರ ಕಾರಿನ ಕಾವಲಿಗೆ ಸದಾಶಿವಯ್ಯ ಅಂತ ಒಬ್ಬ ಬರಬೇಕು. ಎಲ್ಲಿ?”

ಹಗ್ಗದ ಆಚೆ ಇಡೀ ಬೀದಿ ಕಿವಿ ನಿಮಿರಿಸಿತ್ತು.

“ಸದಾಶಿವಯ್ಯ ನಾನೇ,” ಎಂದ ಸದಾಶಿವಯ್ಯ ಮೆಲ್ಲಗೆ. “ಕಾವಲಿನವನಲ್ಲ.”

“ಮತ್ತೆ ಯಾರು ನೀವು?”

“ಕಾರಿನ ಕಡೆಯವನು.”

“ಸೇಠರಾ?”

“ಒಂದು ರೀತಿಯಲ್ಲಿ.”

“ಒಂದು ರೀತಿಯಲ್ಲಿ ಸೇಠು ಆಗೋದು ಹೇಗೆ ಸ್ವಾಮಿ? ಕಾವಲಿನ ಸದಾಶಿವಯ್ಯ ಬರಲಿ, ಆಮೇಲೆ ಇಳಿಸೋಣ. ಕಂಡಕಂಡವರ ಕೈಗೆ ಕಾರು ಕೊಡೋಕೆ ಆಗೋದಿಲ್ಲ.”

ಹೀಗೆ ಸದಾಶಿವಯ್ಯ ಬಿಸಿಲಿನಲ್ಲಿ ಸದಾಶಿವಯ್ಯನಿಗಾಗಿ ಕಾಯುತ್ತಾ ನಿಂತ. ಇಂಥ ಕಾಯುವಿಕೆಗೆ ಕೊನೆ ಇರುವುದಿಲ್ಲ ಎಂದು ಅವನಿಗೆ ತಿಳಿಯದೆ ಇರಲಿಲ್ಲ. ಆದರೂ ಬೇರೇನಾದರೂ ದಾರಿ ತೋಚೀತು, ಅಧಿಕಾರಿಯ ಮನಸ್ಸು ಕರಗೀತು ಎಂದು ಒಮ್ಮೆ ನಗುವನು, ಒಮ್ಮೆ ಅವನನ್ನು ಪಕ್ಕಕ್ಕೆ ಕರೆಯುವನು. ಅಧಿಕಾರಿ ಪಕ್ಕಕ್ಕೆ ಬರಲೊಲ್ಲ. ಏರೋಪ್ಲೇನು ಕತ್ತಲೆ ತುಂಬಿದ ಬಾಯಿ ತೆರೆದುಕೊಂಡು ಹಾಗೆಯೇ ನಿಂತಿತ್ತು. ಹಗ್ಗದ ಹತ್ತಿರದಿಂದ ಯಾರೋ, “ಉಗುಳೋದು ಯಾವಾಗ ಸದಾಶಿವಯ್ನೋರೇ?” ಎಂದು ಕೂಗಿದರು. ಅವನು ಆ ಕಡೆ ಕೈಯೆತ್ತಿ, ಈಗ, ಈಗ ಎಂದು ಸನ್ನೆ ಮಾಡಿದ.

ಆಗ ಸರ್ವಮಂಗಳಾ ಹಗ್ಗ ದಾಟಿ ಓಡಿ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ, ಕೈಯಲ್ಲಿದ್ದ ಪಾತ್ರೆಯಿಂದ ಗಂಜಿ ಚೆಲ್ಲುತ್ತಿತ್ತು.

“ರೀ, ಅತ್ತೆಗೆ ಕತ್ತು ನಿಲ್ತಾ ಇಲ್ಲ ಕಣ್ರೀ. ಎಷ್ಟು ಹೇಳಿದ್ರೂ ಬಾಯಿ ತೆಗೀತಾ ಇಲ್ಲ. ಕಾರೆಲ್ಲಿ, ಕಾರೆಲ್ಲಿ ಅಂತಾವ್ರೆ. ಬೇಗ ಇಳಿಸಿ.”

ಸದಾಶಿವಯ್ಯ ಒಂದು ಸಲ ಹಗ್ಗದ ಕಡೆ ನೋಡಿದ, ಒಂದು ಸಲ ಜಾಲಿಮರದ ಕಡೆ ನೋಡಿದ. ಆಮೇಲೆ ಬಯಲಿಗೆಲ್ಲ ಕೇಳುವ ಹಾಗೆ ಕೂಗಿದ.

“ನಾನೇ ಸ್ವಾಮಿ ಕಾವಲಿನ ಸದಾಶಿವಯ್ಯ. ಕಾರು ನಂದಲ್ಲ. ನನ್ನದು ಅಂತ ಸುಳ್ಳು ಹೇಳಿದೆ. ನಿಮ್ಮ ಕಾಲಿಗೆ ಬೀಳ್ತೀನಿ, ಬೇಗ ಇಳಿಸಿ. ನಮ್ಮವ್ವ ಅಲ್ಲಿ ಉಪವಾಸ ಕೂತವ್ಳೆ.”

ಶುದ್ಧ ಕನ್ನಡವೆಲ್ಲ ಉದುರಿಹೋಗಿತ್ತು. ಈ ಮಾತು ಕೇಳಲು ಬಂದಿದ್ದವರೇ ಹಗ್ಗದ ಆಚೆ ಬೇಕಾದಷ್ಟು ಜನ ಇದ್ದರು. ಒಬ್ಬರೂ ನಗಲಿಲ್ಲ. ಚೆಲುವರಾಜು ತಲೆ ತಗ್ಗಿಸಿದ.

ಹಲಗೆ ಇಳಿಬಿಟ್ಟರು. ಕಪ್ಪು ಕಾರು ಮಿರಮಿರ ಮಿಂಚುತ್ತಾ ಹಿಂದುಹಿಂದಾಗಿ ಕೆಳಗೆ ಇಳಿಯಿತು. ಅದರ ಚಕ್ರ ನೆಲಕ್ಕೆ ತಾಗುವ ಮುಂಚೆಯೇ ಸದಾಶಿವಯ್ಯ ಜಾಲಿಮರದ ಕಡೆ ಓಡುತ್ತಿದ್ದ. “ಅವ್ವ, ನೋಡು, ಬಂತು, ಬಂತು,” ಎಂದು ಕೂಗುತ್ತಾ ಓಡಿದ. ದಾರಿಯಲ್ಲಿ ಎಡವಿ ಬಿದ್ದು ಎದ್ದು ಓಡಿದ.

ಕೆಂಪಯ್ಯ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡು ಕುದುರೆಯ ಪಕ್ಕ ನಿಂತಿದ್ದ. ಗಾಡಿಯ ಒಳಗೆ ಪುಟ್ಟಬಸಮ್ಮ ದಿಂಬುಗಳಿಗೆ ಒರಗಿ ಕೂತೇ ಇದ್ದಳು. ಕಣ್ಣು ಅರ್ಧ ತೆರೆದಿತ್ತು. ಸದಾಶಿವಯ್ಯ ಅವಳ ಕೈ ಹಿಡಿದ, ಕೆನ್ನೆ ಮುಟ್ಟಿದ, ಕಿವಿಯ ಹತ್ತಿರ ಬಾಯಿಟ್ಟು ಅವ್ವ, ಅವ್ವ ಎಂದು ಕರೆದ. ಆಮೇಲೆ ಗಾಡಿಯ ಮೆಟ್ಟಿಲ ಮೇಲೆ ಕೂತ.

ಕೂತಲ್ಲಿಂದಲೇ ಕೆಂಪಯ್ಯನ ಕಡೆ ತಿರುಗಿದ. “ಕಾರು ಕಂಡಳೇನೋ ಕೆಂಪಯ್ಯ?”

ಕೆಂಪಯ್ಯನಿಗೆ ಸುಳ್ಳು ಹೇಳುವ ಮನಸ್ಸಾಯಿತು. ಆದರೆ ಸತ್ತವರ ಎದುರಿಗೆ ಅದು ಬಾಯಿಗೆ ಬರಲಿಲ್ಲ.

“ಇಲ್ಲ ಬುದ್ಧಿ. ಕಾರು ಈಚೆಗೆ ಬರೋ ಮುಂಚೇನೇ ಓಯ್ತು ಜೀವ.”

“ಏನಾದರೂ ಅಂದಳಾ?”

“ಅಂದ್ರು. ಅದು ಬಾಯ್ ತಕ್ಕೊಂಡು ನಿಂತಿತ್ತಲ್ಲ, ಒಳಗೆ ಏನೂ ಕಾಣ್ತಿರ್ನಿಲ್ಲ. ಅದನ್ನೇ ದಿಟ್ಟಿಸ್ಕೊಂಡು ನೋಡಿದ್ರು. ಆಮೇಲೆ ನನ್ ಕಡೆ ತಿರುಗಿ, ‘ನೋಡ್ಲಾ ಕೆಂಪಯ್ಯ, ಎಷ್ಟು ದೊಡ್ಡದು ಕಟ್ಟಿಸವ್ನೆ ನನ್ ಮಗ. ಪಾಪ, ಹೊರೋರಿಗೆ ಕಷ್ಟ ಆಯ್ತದೆ’ ಅಂದ್ರು.”